ಲಗೇಜಿಗೆ ಮೆನಿ ಬರಲ್ಲ ತಾತ

ಊರಿಂದ ಬಂದ ಮಾವನಿಗೆ ಇಲ್ಲಿ ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಮೊದಲು ಸ್ನೇಹವಾದದ್ದು ಪಕ್ಕದ ಮನೆ ಅಜ್ಜಿಯ ಜೊತೆ. ಬೇಲಿಯ ಆಚೆ ಈಚೆ ನಿಂತು ಇಬ್ಬರೂ ಮಳೆ, ಗಿಡ, ಮೊಮ್ಮಕ್ಕಳು ಅಂತ ಮಾತಾಡೋರು. ಹೋದ ವಾರ ಅಜ್ಜಿ ಪ್ರಯಾಣ ಹೇಗಿತ್ತು ಅಂದರು. ಮಾವ ಖುಷಿಯಲ್ಲಿ "ಸೋ ಮೆನಿ ಲಗೇಜಸ್" ಅಂತ ಹಪ್ಪಳ, ಉಪ್ಪಿನಕಾಯಿ ಡಬ್ಬಗಳ ಕಥೆ ಶುರುಮಾಡಿದರು. ಮಗಳು ನಡುವೆ ಬಾಯಿ ಹಾಕಿ, "ಲಗೇಜಿಗೆ ಮೆನಿ ಬರಲ್ಲ ತಾತ. ಲಗೇಜಸ್ ಅಂತಾನೂ ಅನ್ನಬಾರದು" ಅಂದಳು. "ಹೌದಾ ಪುಟ್ಟಿ" ಅಂದ ಮಾವ ಅಲ್ಲಿಗೇ ನಿಲ್ಲಿಸಿದರು. ಅವತ್ತಿಂದ ಅಜ್ಜಿ ಹಿತ್ತಲಿಗೆ ಬಂದರೆ ಇವರು ಒಳಗೆ ಬರುತ್ತಾರೆ.

ನನಗೆ ಹೊಟ್ಟೆ ಉರಿಯಿತು. ಅವಳು ಹೇಳಿದ್ದೇನೋ ಸರಿ. ಎಣಿಸುವಂಥದ್ದಕ್ಕೆ ಮೆನಿ, ಎಣಿಸದೆ ಒಟ್ಟಾಗಿ ಹೇಳೋದಕ್ಕೆ ಮಚ್. ಲಗೇಜ್ ಅಂದರೆ ಒಟ್ಟು ಸಾಮಾನು. ಎಣಿಸಬೇಕಾದರೆ ಬ್ಯಾಗ್, ಸೂಟ್‌ಕೇಸ್ ಅನ್ನಬೇಕು. ಫರ್ನಿಚರ್, ಅಡ್ವೈಸ್, ಇನ್ಫರ್ಮೇಶನ್, ಹೋಮ್‌ವರ್ಕ್ ಎಲ್ಲ ಅದೇ ಗುಂಪು. ಆದರೆ ವಸ್ತುವನ್ನು ನೋಡಿ ಇದನ್ನು ಊಹಿಸೋಕಾಗಲ್ಲ. ಮೂರು ಕುರ್ಚಿ ಎಣಿಸಬಹುದು, ಅವನ್ನೇ ಫರ್ನಿಚರ್ ಅಂದರೆ ಎಣಿಕೆ ನಿಂತಿತು. ಪಕ್ಕದ ಫ್ರಾನ್ಸಿನವರು ಲಗೇಜಿಗೂ ಇನ್ಫರ್ಮೇಶನ್ನಿಗೂ ಬಹುವಚನ ಹಚ್ಚುತ್ತಾರೆ!

ಇಲ್ಲಿನವರೇನು ಒಮ್ಮತದಿಂದ ಇದ್ದಾರಾ? ಕಡಿಮೆ ಅನ್ನೋಕೆ ಎಣಿಸುವಂಥದ್ದಕ್ಕೆ ಲೆಸ್‌ಗಿಂತ ಫ್ಯೂಯರ್ ಸರಿ ಅಂತ ತನಗೆ ತೋರುತ್ತದೆ ಎಂದು 1770ರಲ್ಲಿ ರಾಬರ್ಟ್ ಬೇಕರ್ ಅನ್ನೋನು ಇಂಗ್ಲಿಷ್ ಬಳಕೆಯ ಬಗೆಗಿನ ಪುಸ್ತಕದಲ್ಲಿ ಬರೆದ. ಅದೇ ಆಮೇಲೆ ನಿಯಮವಾಯಿತು. ಅಂಗಡಿಗಳ '10 ಐಟಮ್ಸ್ ಆರ್ ಲೆಸ್' ಬೋರ್ಡಿನ ಮೇಲೆ ಎಷ್ಟು ತಕರಾರೆಂದರೆ, 2008ರಲ್ಲಿ ಟೆಸ್ಕೊ ಸೂಪರ್ ಮಾರ್ಕೆಟ್ 'ಅಪ್ ಟು 10 ಐಟಮ್ಸ್' ಅಂತ ಬದಲಿಸಿತು. ಪಕ್ಕದ ಮನೆ ಅಜ್ಜಿಯೂ 'ಲೆಸ್ ಪೀಪಲ್' ಅಂತಲೇ ಅನ್ನುತ್ತಾರೆ. ಅವರನ್ನು ಯಾರೂ ತಿದ್ದಿಲ್ಲ.

ನಮ್ಮಲ್ಲಿ ಹಾಲಿಗೂ 'ಎಷ್ಟು', ಜನಕ್ಕೂ 'ಎಷ್ಟು'. ನಾವು ನೋಡೋದು ಮನುಷ್ಯರೋ ಅಲ್ಲವೋ ಅಂತ: ಎರಡು ಹಸು, ಇಬ್ಬರು ಅತ್ತೆಯರು. ಮಗಳು "ಎರಡು ಅತ್ತೆ ಬಂದ್ರು" ಅಂದರೆ ಮಾವ, "ಇಬ್ಬರೂ ಬಂದ್ರಾ? ಏನು ತಂದ್ರು?" ಅಂತ ಮಾತು ಮುಂದುವರಿಸುತ್ತಾರೆ. ಸ್ವಲ್ಪ ಹೊತ್ತಿಗೆ ಅವಳ ಬಾಯಲ್ಲೂ 'ಇಬ್ಬರು' ಬಂದಿರುತ್ತದೆ. ತಿದ್ದೋದು ಅಂದರೆ ಅದು. ಅವಳಿಗೂ ಅದನ್ನೇ ಹೇಳಿದೆ.

ಅರಸೀಕೆರೆ ಹತ್ತಿರದ ನನ್ನ ಕನ್ನಡ ಶಾಲೆಯಲ್ಲಿ ಇಂಗ್ಲಿಷ್ ಶುರುವಾಗಿದ್ದೇ ಐದನೇ ಕ್ಲಾಸಿಗೆ. ಅಕ್ಕಿಗೆ ಮಚ್, ಅಕ್ಕಿ ಮೂಟೆಗೆ ಮೆನಿ; ಹಾಲಿಗೆ ಮಚ್, ಲೋಟಕ್ಕೆ ಮೆನಿ ಅಂತ ಹೇಳಿಕೊಟ್ಟಿದ್ದರೆ ಒಂದು ಮಧ್ಯಾಹ್ನಕ್ಕೆ ಮುಗಿಯೋ ಪಾಠ. ನಮಗೆ ಸಿಕ್ಕಿದ್ದು ಬಿಟ್ಟ ಸ್ಥಳ ತುಂಬಿರಿ, ತಪ್ಪಿದರೆ ಅಂಗೈಗೆ ಸ್ಕೇಲಿನ ಏಟು. ನನ್ನ ಪಕ್ಕ ಕೂರುತ್ತಿದ್ದ ಹುಡುಗಿ ಒಮ್ಮೆ 'ಮೆನಿ ವಾಟರ್' ಅಂದಿದ್ದಕ್ಕೆ ಮೇಷ್ಟ್ರೂ ಸೇರಿ ಇಡೀ ಕ್ಲಾಸೇ ನಕ್ಕಿತು. ಆಮೇಲೆ ಇಂಗ್ಲಿಷ್ ಪೀರಿಯಡ್ಡಿನಲ್ಲಿ ಅವಳು ಬಾಯಿ ಬಿಡಲಿಲ್ಲ. ಹತ್ತನೇ ಕ್ಲಾಸಿನಲ್ಲಿ ಲೆಕ್ಕಕ್ಕೆ ಶಾಲೆಗೇ ಹೆಚ್ಚು ಅಂಕ ಅವಳದು. ಪಿಯುಸಿಗೆ ಸೈನ್ಸ್ ತಗೋಳೇ ಅಂದರೆ, "ಎಲ್ಲ ಇಂಗ್ಲಿಷಿನಲ್ಲಂತೆ, ನಂಗೆ ಬೇಡ" ಅಂದಳು.