ಆಸ್ಪತ್ರೆಯಲ್ಲೇ ಮಾರ್ಫಿನ್ ಕೊಡುವಾಗ ಅಫೀಮು ಹೃದಯಕ್ಕೆ ಹೇಗೆ ಕೆಟ್ಟದ್ದು?

ಬೆಂಗಳೂರಿನಲ್ಲಿ ಹೃದ್ರೋಗಿಗಳಿಗೆ ಚಿಕಿತ್ಸೆ ನೀಡುವ ನನ್ನನ್ನು ಹಲವರು ಹೀಗೆ ಕೇಳುತ್ತಾರೆ: ಹೃದಯಾಘಾತವಾದವರಿಗೆ ನೀವೇ ಮಾರ್ಫಿನ್ ಕೊಡುತ್ತೀರಿ, ಅದು ಅಫೀಮಿನಿಂದಲೇ ಬರುವಂಥದ್ದು, ಹಾಗಿದ್ದ ಮೇಲೆ ದಿನವೂ ಒಂದಿಷ್ಟು ಅಫೀಮು ತೆಗೆದುಕೊಂಡರೆ ಆಘಾತದ ತೀವ್ರತೆ ತಗ್ಗುವುದಿಲ್ಲವೇ?

ಹಾಗೆ ನಂಬಲು ಆಧಾರವಿಲ್ಲ. ಮಾರ್ಫಿನ್ ನೋವನ್ನು ತಗ್ಗಿಸುತ್ತದೆಯೇ ಹೊರತು ಹೆಪ್ಪುಗಟ್ಟಿದ ರಕ್ತದಿಂದ ಮುಚ್ಚಿಹೋದ ನಾಳವನ್ನು ತೆರೆಯುವುದಿಲ್ಲ. ಅದು ಜಠರದ ಚಲನೆಯನ್ನು ನಿಧಾನಗೊಳಿಸಿ, ರಕ್ತ ಹೆಪ್ಪುಗಟ್ಟದಂತೆ ತಡೆಯಲು ಬಾಯಿಯ ಮೂಲಕ ಕೊಡುವ ಕ್ಲೋಪಿಡೋಗ್ರೆಲ್, ಟಿಕಾಗ್ರೆಲರ್‌ನಂಥ ಔಷಧಗಳು ರಕ್ತಕ್ಕೆ ಸೇರುವುದನ್ನು ತಡಮಾಡುವುದರಿಂದ, ನಾವೂ ಅದನ್ನು ನೋವು ತೀವ್ರವಾಗಿದ್ದಾಗ ಮಾತ್ರ ಬಳಸುತ್ತೇವೆ.

ನನ್ನನ್ನು ಹೆಚ್ಚು ಕಾಡುವುದು ನೋವೇ ತಿಳಿಯದೆ ಹೋಗುವ ಅಪಾಯ. ನಾಳ ಮುಚ್ಚಿದ ಕ್ಷಣದಿಂದ ಹೃದಯದ ಸ್ನಾಯು ಸಾಯತೊಡಗುತ್ತದೆ. ರೋಗಿಯನ್ನು ಆಸ್ಪತ್ರೆಗೆ ಓಡಿಸುವುದು ಎದೆನೋವು. ಅಫೀಮು ಆ ನೋವನ್ನು ಮಬ್ಬಾಗಿಸಿದರೆ, ಬೆವರು, ಸುಸ್ತು, ಉಬ್ಬಸಗಳನ್ನು ಗ್ಯಾಸ್ಟ್ರಿಕ್ ಎಂದುಕೊಂಡು ಮನೆಯಲ್ಲೇ ಹೊತ್ತು ಕಳೆಯುವ ಸಾಧ್ಯತೆ ಹೆಚ್ಚು. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲೂ ಉಚಿತವಾಗಿ ಕೊಡುವ, ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದಾಗಲಿ, ಜಯದೇವದಂಥ ಸಂಸ್ಥೆಗಳಲ್ಲಿ ಮುಚ್ಚಿದ ನಾಳವನ್ನು ತೆರೆಯಲು ಮಾಡುವ ಆಂಜಿಯೋಪ್ಲಾಸ್ಟಿಯಾಗಲಿ, ಮೊದಲ ಕೆಲವು ಗಂಟೆಗಳಲ್ಲಿ ಉಳಿಸಿಕೊಡುವಷ್ಟು ಸ್ನಾಯುವನ್ನು ಆಮೇಲೆ ಉಳಿಸಿಕೊಡಲಾರವು.

ಅಫೀಮು ಹೃದಯವನ್ನು ಕಾಪಾಡುತ್ತದೆ ಎಂಬ ನಂಬಿಕೆ ಇರಾನಿನಲ್ಲೂ ಗಟ್ಟಿಯಾಗಿತ್ತು. ಅಲ್ಲಿನ ಗೊಲೆಸ್ತಾನ್ ಪ್ರಾಂತ್ಯದ 50,045 ಮಂದಿಯನ್ನು ವರ್ಷಗಟ್ಟಲೆ ಗಮನಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಫೀಮು ಬಳಸುವವರಲ್ಲಿ ಒಟ್ಟಾರೆ ಸಾವಿನ ಅಪಾಯ ಶೇ. 86ರಷ್ಟು ಹೆಚ್ಚಿತ್ತು, ಹೃದಯ ಮತ್ತು ರಕ್ತನಾಳಗಳ ಕಾಯಿಲೆಯಿಂದ ಬರುವ ಸಾವೂ ಹೆಚ್ಚಾಗಿತ್ತು. ರೋಗ ಬಂದ ಮೇಲೆ ನೋವಿಗಾಗಿ ಅಫೀಮು ಹಿಡಿದವರನ್ನು ಲೆಕ್ಕದಿಂದ ಬಿಟ್ಟಾಗಲೂ ಅಪಾಯ ಉಳಿದಿತ್ತು ಎಂಬುದು ನನ್ನ ದೃಷ್ಟಿಯಲ್ಲಿ ಬಹಳ ಮುಖ್ಯವಾದ ಮಾತು. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಮಾರ್ಫಿನ್ ಹೃದಯಸ್ನಾಯುವಿಗೆ ಸ್ವಲ್ಪ ರಕ್ಷಣೆ ಕೊಟ್ಟದ್ದುಂಟು, ಆದರೆ ವರ್ಷಾನುಗಟ್ಟಲೆ ಅಫೀಮು ಸೇವಿಸುವ ಮನುಷ್ಯನಿಗೆ ಅದನ್ನು ಅನ್ವಯಿಸಲಾಗದು.

ಗಸಗಸೆ ಪಾಯಸವನ್ನೂ ಬಿಡಬೇಕೇ ಎಂದು ಕೇಳುವವರಿದ್ದಾರೆ. ಅಫೀಮು ಅದೇ ಗಿಡದ ಹಸಿ ಕಾಯಿಯನ್ನು ಗೀರಿದಾಗ ಒಸರುವ ಹಾಲಿನಿಂದ ಆಗುತ್ತದೆ. ಮನೆಯಡುಗೆಯ ಗಸಗಸೆ ಅದರ ಬೀಜ, ಅದಕ್ಕೂ ಈ ಭಯಕ್ಕೂ ಸಂಬಂಧವಿಲ್ಲ.

ಮನೆಯಲ್ಲಿ ಯಾರಿಗಾದರೂ ಅಫೀಮಿನ ಅಭ್ಯಾಸವಿದ್ದರೆ ಅದನ್ನು ಒಮ್ಮೆಲೇ ನಿಲ್ಲಿಸಬೇಡಿ, ಏಕೆಂದರೆ ಆಗ ನಾಡಿಬಡಿತವೂ ರಕ್ತದೊತ್ತಡವೂ ಏರಿ ದುರ್ಬಲ ಹೃದಯಕ್ಕೆ ಹೊರೆಯಾಗುತ್ತವೆ. ವೈದ್ಯರ ನೆರವಿನಿಂದ ಹಂತಹಂತವಾಗಿ ಬಿಡಿಸಿ. ತುರ್ತು ಚಿಕಿತ್ಸೆಗೆ ಕರೆತಂದಾಗ ಕಾನೂನಿನ ಅಂಜಿಕೆಯಿಂದಲೋ ಸಂಕೋಚದಿಂದಲೋ ಈ ವಿಷಯವನ್ನು ಮುಚ್ಚಿಡದೆ, ಎಷ್ಟು ಮತ್ತು ಕೊನೆಯದಾಗಿ ಯಾವಾಗ ತೆಗೆದುಕೊಂಡರು ಎಂಬುದನ್ನು ವೈದ್ಯರಿಗೆ ಮೊದಲೇ ತಿಳಿಸಿ.