ಅವರು ಹೋದ ಮೇಲೆ ಉಳಿಯುತ್ತಾ?

ನಾನು ಹಳ್ಳಿಗಳ ಇಂಧನ ಮತ್ತು ಕೃಷಿ ಯೋಜನೆಗಳಲ್ಲಿ ಕೆಲಸ ಮಾಡುತ್ತೇನೆ ಅಂತ ಗೊತ್ತಾದರೆ ಸಾಕು, ಜನ ಕೇಳುವುದು ಒಂದೇ ಪ್ರಶ್ನೆ. "ಅಲ್ಲ ಮಾರಾಯ, ಫಾರಿನ್ನವರು ದುಡ್ಡು ಕೊಟ್ಟು ಸೋಲಾರು, ಗೋಬರ್ ಗ್ಯಾಸು ಅಂತ ಹಾಕಿಸ್ತಾರೆ. ಅವರು ಗಂಟುಮೂಟೆ ಕಟ್ಟಿದ ಮೇಲೆ ಅದೆಲ್ಲ ಉಳಿಯುತ್ತಾ?" ಕೇಳುವ ಧಾಟಿಯಲ್ಲೇ ಉತ್ತರವೂ ಇರುತ್ತದೆ. ಎಲ್ಲಿ ಉಳಿಯುತ್ತೆ ಬಿಡು, ಅಂತ.

ಸಿಟ್ಟು ಮಾಡಿಕೊಳ್ಳುವ ಪ್ರಶ್ನೆ ಅಲ್ಲ ಇದು. ತುಕ್ಕು ಹಿಡಿದ ಗೋಬರ್ ಗ್ಯಾಸ್ ಡ್ರಮ್ಮು ನಮ್ಮ ಕಡೆ ಎಷ್ಟು ಹಿತ್ತಿಲಲ್ಲಿ ಬಿದ್ದಿಲ್ಲ? ಆದರೂ ನನ್ನ ಉತ್ತರ 'ಇಲ್ಲ' ಅಲ್ಲ. ಕೆಲವು ಕಡೆ ಉಳಿದಿದೆ, ಅದೂ ಚೆನ್ನಾಗಿಯೇ ಉಳಿದಿದೆ. ಅಂಥ ಕಡೆಯೆಲ್ಲ ಒಬ್ಬ ಸಿಗುತ್ತಾನೆ. ಆ ವಸ್ತು ಓಡುತ್ತಿದ್ದರೆ ಮಾತ್ರ ಅವನ ಸಂಪಾದನೆ ನಡೆಯುತ್ತದೆ.

ನೇಪಾಳದ ಕಥೆ ನೋಡಿ. ಅಲ್ಲಿ ಗೋಬರ್ ಗ್ಯಾಸ್ ಕಟ್ಟಲೆಂದೇ 1977ರಲ್ಲಿ ಒಂದು ಕಂಪನಿ ಶುರುವಾಗಿತ್ತು. ಆದರೆ ಕೆಲಸ ಆಮೆ ನಡಿಗೆಯಲ್ಲೇ ಇತ್ತು. 1992ರಲ್ಲಿ ನೆದರ್ಲೆಂಡ್ಸಿನ ಎಸ್‌ಎನ್‌ವಿ ಅನ್ನುವ ನೆರವು ಸಂಸ್ಥೆ ಬಂತು, ಕೆಲವು ವರ್ಷ ಬಿಟ್ಟು ಜರ್ಮನಿಯ ಕೆಎಫ್‌ಡಬ್ಲ್ಯು ಬ್ಯಾಂಕೂ ಸೇರಿಕೊಂಡಿತು. 2010ರ ಹೊತ್ತಿಗೆ 2 ಲಕ್ಷಕ್ಕೂ ಜಾಸ್ತಿ ಮನೆಗಳಲ್ಲಿ ಗೋಬರ್ ಗ್ಯಾಸ್ ಇತ್ತು. ಅಷ್ಟು ಚಿಕ್ಕ, ಅಷ್ಟು ಗುಡ್ಡಗಾಡಿನ ದೇಶಕ್ಕೆ ಇದು ಸಣ್ಣ ಲೆಕ್ಕವಲ್ಲ.

ದುಡ್ಡು ಸುರಿದರೆ ಯಾರು ಬೇಕಾದರೂ ಕಟ್ಟಿಸುತ್ತಾರೆ ಅಂತೀರಾ? ದುಡ್ಡು ಕೊಟ್ಟ ರೀತಿ ಬೇರೆ ಇತ್ತು. ಪೂರ್ತಿ ಬಿಟ್ಟಿ ಯಾರಿಗೂ ಇಲ್ಲ. ಒಂದು ಸ್ಥಾವರಕ್ಕೆ ಇಷ್ಟು ಅಂತ ಸಬ್ಸಿಡಿ, ಬೆಟ್ಟದ ಊರುಗಳಿಗೆ ಸ್ವಲ್ಪ ಜಾಸ್ತಿ. ಮಿಕ್ಕಿದ್ದನ್ನು ರೈತ ಕೈಯಿಂದ ಹಾಕಬೇಕು, ಇಲ್ಲವೇ ಬ್ಯಾಂಕಿನಲ್ಲಿ ಸಾಲ ಮಾಡಬೇಕು. ಕಟ್ಟುವುದು ಖಾಸಗಿ ಕಂಪನಿಗಳ ಕೆಲಸ. ಅವರು ಕಟ್ಟಿದ ಸ್ಥಾವರಗಳಲ್ಲಿ ಕೆಲವನ್ನು ಯೋಜನೆಯವರು ಆರಿಸಿ ತಪಾಸಣೆ ಮಾಡುತ್ತಿದ್ದರು. ಅಳತೆ ತಪ್ಪಿದ್ದರೆ, ಗಾರೆ ಸರಿಯಿಲ್ಲದಿದ್ದರೆ ಕಂಪನಿಗೆ ದಂಡ. ಕಟ್ಟಿದ ಮೇಲೆ ಮೂರು ವರ್ಷ ಗ್ಯಾರಂಟಿ ಬೇರೆ. ಕೆಟ್ಟು ಕೂತರೆ ನಷ್ಟ ಕಂಪನಿಯದ್ದೂ ಹೌದು. ರೈತನಿಗೂ ಸಾಲದ ಕಂತು ಕಟ್ಟುವಾಗ ಒಲೆ ಉರಿಯಲೇಬೇಕು, ಇಲ್ಲದಿದ್ದರೆ ಅವನು ಸುಮ್ನೆ ಬಿಡುತ್ತಾನಾ?

ಇನ್ನೊಂದು ಜಾಣತನ ಮಾಡಿದರು. ದೇಶಕ್ಕೆಲ್ಲ ಒಂದೇ ಮಾದರಿ. ಅದರ ಹೆಸರು ಜಿಜಿಸಿ 2047. ಏನೋ ರಾಕೆಟ್ಟಿನ ಹೆಸರಿದ್ದ ಹಾಗಿದೆ. ಆದರೆ ಜಿಜಿಸಿ ಅಂದರೆ ಆ ಗೋಬರ್ ಗ್ಯಾಸ್ ಕಂಪನಿ, 2047 ಅನ್ನುವುದು ನೇಪಾಳಿ ಪಂಚಾಂಗದ ಇಸವಿ ಅಷ್ಟೆ, ನಮ್ಮ ಲೆಕ್ಕದಲ್ಲಿ 1990. ಇದರಲ್ಲಿ ಗ್ಯಾಸು ಹಿಡಿದಿಡುವ ಕಬ್ಬಿಣದ ಡ್ರಮ್ಮೇ ಇಲ್ಲ, ಆದ್ದರಿಂದ ತುಕ್ಕಿನ ಮಾತೂ ಇಲ್ಲ. ಗುಂಡಗೆ ಗುಂಡಿ ತೆಗೆದು, ಸುತ್ತ ಕಲ್ಲು ಅಥವಾ ಇಟ್ಟಿಗೆಯ ಗೋಡೆ ಕಟ್ಟುತ್ತಾರೆ. ಒಳಗೆ ಮಣ್ಣು ತುಂಬಿ ದಿಬ್ಬದ ಹಾಗೆ ನುಣ್ಣಗೆ ಮಾಡಿ, ಅದರ ಮೇಲೆ ಕಾಂಕ್ರೀಟು ಹಾಕುತ್ತಾರೆ. ಕಾಂಕ್ರೀಟು ಗಟ್ಟಿಯಾದ ಮೇಲೆ ಒಳಗಿನ ಮಣ್ಣನ್ನೆಲ್ಲ ತೋಡಿ ಹೊರಗೆ ಹಾಕಿದರೆ ಗುಮ್ಮಟ ರೆಡಿ. ಆಮೇಲೆ ಒಳಗಿನಿಂದ ಒಂದರ ಮೇಲೊಂದು ಗಾರೆ ಪದರ, ಕೊನೆಗೆ ಬಣ್ಣ. ಈ ಪದರಗಳಲ್ಲಿ ಕೂದಲೆಳೆಯಷ್ಟು ಬಿರುಕು ಉಳಿದರೂ ಗ್ಯಾಸು ನಿಲ್ಲುವುದಿಲ್ಲ. ಹಾಗಾಗಿ ಎಲ್ಲವೂ ಮೇಸ್ತ್ರಿಯ ಕೈಯಲ್ಲಿ. ಮಾದರಿ ಒಂದೇ ಆದದ್ದರಿಂದ ಒಂದು ಜಿಲ್ಲೆಯಲ್ಲಿ ಕಲಿತ ಮೇಸ್ತ್ರಿ ಇನ್ನೊಂದು ಜಿಲ್ಲೆಯಲ್ಲೂ ಕಟ್ಟಬಲ್ಲ. ವಾಲ್ವು, ಪೈಪು, ಒಲೆಯ ಬರ್ನರ್ ಎಲ್ಲ ಕಡೆ ಒಂದೇ ಅಳತೆ.

ನಮ್ಮ ಬೋರ್‌ವೆಲ್ ಹ್ಯಾಂಡ್ ಪಂಪಿನದ್ದೂ ಇದೇ ಕಥೆ ಅಲ್ವಾ. ಯುನಿಸೆಫ್ ಜೊತೆ ಸೇರಿ 1970ರ ದಶಕದಲ್ಲಿ ಮಾಡಿದ ಇಂಡಿಯಾ ಮಾರ್ಕ್ 2 ಒಂದೇ ನಮೂನೆಯಲ್ಲಿ ದೇಶ ತುಂಬಿತು, ಆಫ್ರಿಕಾಕ್ಕೂ ಹೋಯಿತು. ದಾನ ಕೊಡುವ ಒಬ್ಬೊಬ್ಬರೂ ತಂತಮ್ಮ ದೇಶದ ಪಂಪು ತಂದು ಹಾಕಿದ ಕಡೆ ಒಂದು ವಾಷರ್ ಹೋದರೂ ಪಂಪು ನಿಂತಂತೆಯೇ.

ಸಣ್ಣ ಸಾಮಾನಿನ ವಿಷಯ ಬಂತಲ್ಲ, ಒಂದು ಮಾತು ಹೇಳಿಬಿಡುತ್ತೇನೆ. ಗುಮ್ಮಟದಿಂದ ಬರುವ ಗ್ಯಾಸಿನಲ್ಲಿ ಹಬೆ ಇರುತ್ತದೆ. ಪೈಪಿನಲ್ಲಿ ಬರುತ್ತಾ ಅದು ತಣ್ಣಗಾಗಿ ನೀರಾಗುತ್ತದೆ, ಪೈಪು ಬಗ್ಗಿದ ಜಾಗದಲ್ಲಿ ನಿಲ್ಲುತ್ತದೆ. ಆಗ ಒಲೆಯ ಉರಿ ಎದ್ದು ಬಿದ್ದು ಕುಣಿಯುತ್ತದೆ, ಕಡೆಗೆ ಆರುತ್ತದೆ. ಆ ನೀರು ಬಿಡುವುದಕ್ಕೆಂದೇ ತಗ್ಗಿನಲ್ಲಿ ಒಂದು ಪುಟ್ಟ ನಲ್ಲಿ ಇರುತ್ತದೆ. ಆಗಾಗ ತಿರುಗಿಸಿ ನೀರು ಬಿಟ್ಟರಾಯಿತು, ಅರ್ಧ ನಿಮಿಷದ ಕೆಲಸ. ಇದನ್ನು ಅಡುಗೆ ಮಾಡುವ ಹೆಂಗಸಿಗೆ ಯಾರೂ ತೋರಿಸಿರುವುದಿಲ್ಲ. ತರಬೇತಿಗೆ ಕರೆದದ್ದು ಮನೆ ಯಜಮಾನನನ್ನು. ಅವನು ಹೋಗಿ ಊಟ ಮಾಡಿ, ಸಹಿ ಹಾಕಿ ಬಂದಿರುತ್ತಾನೆ. "ಗ್ಯಾಸ್ ಬರಲ್ಲ ಸಾರ್, ಬಿಟ್ಟುಬಿಟ್ವಿ" ಅನ್ನುವ ಮನೆಗೆ ಹೋದಾಗ ನಾನು ಮೊದಲು ನೋಡುವುದೇ ಆ ನಲ್ಲಿಯನ್ನು.

ನೇಪಾಳದ್ದೂ ಎಲ್ಲ ಸರಿ ಇತ್ತು ಅಂತಲ್ಲ. ಕೊಟ್ಟಿಗೆಯಲ್ಲಿ ಎರಡಾದರೂ ದನ ಬೇಕು. ದನ ಇಲ್ಲದವರಿಗೆ, ಜಾಗ ಇಲ್ಲದವರಿಗೆ ಈ ಯೋಜನೆ ತಲುಪಲಿಲ್ಲ. ತೀರಾ ಬಡವರು ಹೊರಗೇ ಉಳಿದರು. ಎತ್ತರದ ಊರುಗಳಲ್ಲಿ ಚಳಿಗಾಲಕ್ಕೆ ಗ್ಯಾಸು ಕಮ್ಮಿಯಾಗುತ್ತದೆ. ಈಗ ಹುಡುಗರೆಲ್ಲ ದುಡಿಯಲು ಕೊಲ್ಲಿ ದೇಶಗಳಿಗೆ ಹೋದ ಮೇಲೆ ದನ ಸಾಕುವವರು ಯಾರು?

ಉಳಿಯುವುದಕ್ಕೂ ಮುರಿಯುವುದಕ್ಕೂ ಎರಡಕ್ಕೂ ಸೇರಿ ಉದಾಹರಣೆ ಬೇಕು ಅಂದರೆ ಬಾಂಗ್ಲಾದೇಶ. 2003ರಲ್ಲಿ ವಿಶ್ವ ಬ್ಯಾಂಕಿನ ಸಾಲದ ಬೆಂಬಲದಿಂದ ಅಲ್ಲಿನ ಸರ್ಕಾರಿ ಸಂಸ್ಥೆ ಇಡ್ಕಾಲ್ ಮನೆ ಮನೆಗೆ ಸೋಲಾರ್ ಕೊಡಲು ಶುರು ಮಾಡಿತು. ಸ್ವಲ್ಪ ಮುಂಗಡ, ಉಳಿದದ್ದು ತಿಂಗಳ ಕಂತು. ಕಂತು ವಸೂಲಿಗೆ ಬರುವವನೇ ಬ್ಯಾಟರಿಯನ್ನೂ ನೋಡುತ್ತಿದ್ದ. ದೀಪ ಹತ್ತದಿದ್ದರೆ ಕಂತು ಕೇಳುವ ಬಾಯಿ ಎಲ್ಲಿರುತ್ತದೆ? ಬೇರೆ ರಿಪೇರಿ ವ್ಯವಸ್ಥೆಯೇ ಬೇಕಾಗಲಿಲ್ಲ. 40 ಲಕ್ಷಕ್ಕೂ ಮೀರಿ ಮನೆಗಳಿಗೆ ಹೋಯಿತು. ಜಗತ್ತಿನಲ್ಲಿ ಇಷ್ಟು ದೊಡ್ಡ ಪ್ರಮಾಣದಲ್ಲಿ ಇದು ಬೇರೆಲ್ಲೂ ಆಗಿರಲಿಲ್ಲ.

ಆಮೇಲೆ ಎರಡು ಆಯಿತು. ಕರೆಂಟಿನ ಕಂಬ ಅಂದುಕೊಂಡದ್ದಕ್ಕಿಂತ ಬೇಗ ಹಳ್ಳಿಗೆ ಬಂತು. ಇನ್ನೊಂದು ಕಡೆ ಸರ್ಕಾರದ್ದೇ ಬೇರೆ ಯೋಜನೆಯಲ್ಲಿ ಸೋಲಾರನ್ನು ಬಿಟ್ಟಿ ಹಂಚಿದರು. ಪಕ್ಕದ ಮನೆಗೆ ಪುಕ್ಕಟೆ ಸಿಕ್ಕಿದ್ದಕ್ಕೆ ನಾನ್ಯಾಕೆ ಕಂತು ಕಟ್ಟಲಿ? ನ್ಯಾಯವಾದ ಮಾತೇ. ಕಂತು ನಿಂತಿತು, ಕಂತಿನ ಜೊತೆ ಬರುತ್ತಿದ್ದ ಮನುಷ್ಯನೂ ನಿಂತ. ವಸೂಲಿ ನಂಬಿಕೊಂಡಿದ್ದ ಸಂಸ್ಥೆಗಳು ಸಾಲದಲ್ಲಿ ಮುಳುಗಿದವು. ನನ್ನ ಮಟ್ಟಿಗೆ ಹೇಳುವುದಾದರೆ, ಕಂಬ ಬಂದದ್ದು ಒಳ್ಳೆಯದೇ. ಬಿಟ್ಟಿ ಹಂಚಿದ್ದು ತಪ್ಪು.

ಇದೆಲ್ಲ ಹೊರಗಿನವರು ಬಂದು ಕಲಿಸಬೇಕಾದ ವಿದ್ಯೆ ಏನಲ್ಲ. ಕುಣಿಗಲ್ ತಾಲೂಕಿನ ಪುರ ಅನ್ನುವ ಊರಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಯಾವತ್ತೋ ಮಾಡಿದ್ದರು. ಹಳ್ಳಿಗಳಿಗೆ ಹೊಂದುವ ತಂತ್ರಜ್ಞಾನಕ್ಕೆಂದು ಪ್ರೊಫೆಸರ್ ಎ.ಕೆ.ಎನ್. ರೆಡ್ಡಿ ಅವರು ಅಲ್ಲಿ ಕಟ್ಟಿದ ಅಸ್ತ್ರ ಕೇಂದ್ರದ ಕೆಲಸ ಅದು. ಮೊದಲು ಊರಿಗೆಲ್ಲ ಅಡುಗೆ ಗ್ಯಾಸ್ ಕೊಡೋಣ ಅಂದುಕೊಂಡರು. ಇದ್ದ ದನಗಳ ಸಗಣಿ ಅಷ್ಟಕ್ಕೆ ಸಾಲದು ಅಂತ ಗೊತ್ತಾಯಿತು. ಆಗ ದಾರಿ ಬದಲಿಸಿದರು. 1987ರಲ್ಲಿ ಅದೇ ಗ್ಯಾಸಿನಿಂದ ಎಂಜಿನ್ ಓಡಿಸಿ, ಬೋರ್‌ವೆಲ್ ನೀರನ್ನು ನಲ್ಲಿಗೆ ಬಿಟ್ಟರು, ಮನೆಗಳಿಗೆ ಟ್ಯೂಬ್‌ಲೈಟು ಕೊಟ್ಟರು. ನೋಡಿಕೊಂಡದ್ದು ಊರಿನ ಹುಡುಗರೇ.

ಸಗಣಿಯ ಲೆಕ್ಕ ನನಗೆ ಬಹಳ ಇಷ್ಟ. ಪ್ರತಿ ಮನೆಯ ಸಗಣಿ ತೂಕ ಹಾಕಿ ಬರೆದುಕೊಳ್ಳುವುದು, ಗ್ಯಾಸು ತೆಗೆದ ಮೇಲೆ ಉಳಿಯುವ ಸಗಣಿ ರಾಡಿಯನ್ನು, ಅಂದರೆ ಸ್ಲರಿಯನ್ನು, ಅದೇ ಲೆಕ್ಕಕ್ಕೆ ವಾಪಸ್ ಕೊಡುವುದು. ತಂದುಕೊಟ್ಟದ್ದಕ್ಕೆ ಕಿಲೋಗೆ 2 ಪೈಸೆ. ತಿಪ್ಪೆಗೆ ಸೇರಬೇಕಾದ ಗೊಬ್ಬರ ತಿಪ್ಪೆಗೇ ಬಂತು, ಸಗಣಿ ಹೊತ್ತ ಹೆಂಗಸಿನ ಕೈಗೆ ಪುಡಿಗಾಸೂ ಸಿಕ್ಕಿತು. ನನ್ನ ಸಗಣಿ ಊರಿಗೆ ಯಾಕೆ ಕೊಡಲಿ ಅನ್ನುವ ಜಗಳ ಅಲ್ಲಿಗೇ ಮುಗಿಯಿತು. ಅದು ಶಾಶ್ವತವಾಗೇನೂ ನಡೆಯಲಿಲ್ಲ. ಆದರೆ ವರ್ಷಗಟ್ಟಲೆ ನಡೆಯಿತು.

"ಫಾರಿನ್ನವರಿಗೆ ಇದರಲ್ಲಿ ಏನು ಲಾಭ?" ಅಂತ ಮುಂದಿನ ಪ್ರಶ್ನೆ ಬಂದೇ ಬರುತ್ತದೆ. ಇದ್ದೇ ಇದೆ. ಅವರ ದೇಶದ ಹೆಸರು, ಅವರ ತಜ್ಞರಿಗೆ ಕೆಲಸ, 2005ರಿಂದೀಚೆಗೆ ನೇಪಾಳದ ಗೋಬರ್ ಗ್ಯಾಸಿನಿಂದ ಕಾರ್ಬನ್ ಲೆಕ್ಕದ ವ್ಯಾಪಾರವೂ, ಅಂದರೆ ಇಲ್ಲಿ ಉಳಿಸಿದ ಹೊಗೆಯ ಲೆಕ್ಕವನ್ನು ಹೊರದೇಶದವರಿಗೆ ಮಾರುವುದೂ, ನಡೆದಿದೆ. ಅದರಿಂದ ನನಗೇನೂ ತಲೆಬಿಸಿ ಇಲ್ಲ. ಮೂರು ವರ್ಷಕ್ಕೆ ಯೋಜನೆ ಮುಗಿಸಿ, ಫೋಟೋ ಹಾಕಿದ ವರದಿ ಕೊಟ್ಟು, ನಾಲ್ಕನೇ ವರ್ಷ ಯಾರೂ ಆ ಕಡೆ ತಲೆ ಹಾಕದಿರುವುದೇ ನನಗೆ ತಲೆಬಿಸಿ. ಬ್ಯಾಟರಿ ಹೋಗುವುದು ಹೆಚ್ಚುಕಮ್ಮಿ ಆಮೇಲೆಯೇ ತಾನೆ.

ಇಷ್ಟೆಲ್ಲ ಕೇಳಿದ ಮೇಲೆ ಯಾರಾದರೂ ಒಬ್ಬರು "ಹಾಗಾದ್ರೆ ನಮ್ಮನೆಗೂ ಒಂದು ಗೋಬರ್ ಗ್ಯಾಸ್ ಮಾಡಿಸಿಕೊಡಿ" ಅನ್ನುತ್ತಾರೆ. ದನ ಎಷ್ಟಿವೆ, ಕೊಟ್ಟಿಗೆ ಹತ್ತಿರ ನೀರಿದೆಯಾ, ದಿನಾ ಬೆಳಿಗ್ಗೆ ಸಗಣಿಗೆ ಅಷ್ಟೇ ನೀರು ಬೆರೆಸಿ ಕಲಸುವವರು ಯಾರು ಅಂತ ಕೇಳುತ್ತೇನೆ. ಇದಕ್ಕೆಲ್ಲ ಉತ್ತರ ರೆಡಿ ಇರುತ್ತದೆ. ಸುತ್ತಮುತ್ತ ಇದನ್ನು ಕಟ್ಟಿ ಗೊತ್ತಿರುವ ಮೇಸ್ತ್ರಿ ಯಾರಿದ್ದಾರೆ, ಕರೆದರೆ ಬರುತ್ತಾರಾ ಅಂದಾಗ ಮಾತು ನಿಲ್ಲುತ್ತದೆ. ಅವರನ್ನು ಹುಡುಕಿಕೊಂಡು ಫೋನ್ ಮಾಡಿ, ಸಬ್ಸಿಡಿ ಅರ್ಜಿ ಆಮೇಲೆ ತುಂಬೋಣ ಅನ್ನುತ್ತೇನೆ.