ಹಲ್ಲು ಎಣಿಸದೆ ತರಿಸಿದ ಕ್ಲಚ್

ಮೂರು ವಾರ ಕಾದು ತರಿಸಿದ ಕ್ಲಚ್ ಪ್ಲೇಟ್ (ಎಂಜಿನ್ ಬಲವನ್ನ ಗೇರ್‌ಬಾಕ್ಸಿಗೆ ದಾಟಿಸೋ ತಟ್ಟೆ) ಇವತ್ತು ಗೇರ್‌ಬಾಕ್ಸ್ ಶಾಫ್ಟ್ ಮೇಲೆ ಕೂರಲೇ ಇಲ್ಲ. ಹೊರಗಿನ ಅಳತೆ ಸರಿ, ನಡುವಿನ ಹಲ್ಲಿನ ಲೆಕ್ಕ ಬೇರೆ! ಮಾರಿದವನು ಮಾತ್ರ ಫೋನಲ್ಲಿ "ಅದೇ ಕಾರಿಂದು ಸಾರ್" ಅಂತಲೇ ಇದ್ದ.

ಎಲ್ಲದಕ್ಕೂ ಮೂಲ ನನ್ನ ರೀಮ್ಯಾಪ್ ಹುಚ್ಚು, ಅಂದರೆ ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸಿ ಪವರ್ ಏರಿಸೋದು. ಟಾರ್ಕ್, ಅಂದರೆ ಎಂಜಿನ್ನಿನ ತಿರುಗಿಸೋ ಬಲ, 250 ಎನ್‌ಎಂನಿಂದ 340ಕ್ಕೆ ಏರಿತು, ಹಳೇ ಕ್ಲಚ್ ತಡೆಯಲಿಲ್ಲ. ಚಿತ್ರದುರ್ಗದ ಕಡೆ ಹೋಗುವಾಗ ಐದನೇ ಗೇರಲ್ಲಿ ಆಕ್ಸಿಲರೇಟರ್ ಒತ್ತಿದರೆ ಆರ್‌ಪಿಎಂ ಮುಳ್ಳು ಸರ್ರನೆ ಮೇಲೆ ಹೋಗುತ್ತಿತ್ತು, ಕಾರಿನ ವೇಗ ಇದ್ದಲ್ಲೇ ಇರುತ್ತಿತ್ತು, ಮೇಲಿಂದ ಸುಟ್ಟ ವಾಸನೆ ಬೇರೆ.

ಸೆರಾಮಿಕ್ ಪ್ಲೇಟೇ ಬೇಕು ಅಂತ ಹಟ ಹಿಡಿದಿದ್ದೆ. ನಮ್ಮ ದಾವಣಗೆರೆ ಮೇಸ್ತ್ರಿ ನಕ್ಕರು. "ತಮ್ಮಾ, ಅದು ನಿಧಾನಕ್ಕೆ ಹಿಡಿಯಲ್ಲ, ಒಂದೇ ಸಲ ಕಚ್ಚುತ್ತೆ. ಮಂಡಿಪೇಟೆ ಟ್ರಾಫಿಕ್ಕಲ್ಲಿ ಕಪ್ಪೆ ಹಾರಿದಂಗೆ ಹಾರ್ತೀಯ ನೋಡು." ಮಾಮೂಲಿ ಲೈನಿಂಗ್ ಪ್ಲೇಟೇ ಇರಲಿ, ಪ್ರೆಶರ್ ಪ್ಲೇಟ್ ಮಾತ್ರ ಗಟ್ಟಿ ಸ್ಪ್ರಿಂಗಿನದು ಹಾಕೋಣ ಅಂದರು. ಒತ್ತಿ ಹಿಡಿಯೋ ಬಲ ಜಾಸ್ತಿಯಾದರೆ ಜಾರಲ್ಲ, ಪೆಡಲ್ ಸ್ವಲ್ಪ ಭಾರ ಆಗುತ್ತೆ ಅಷ್ಟೇ. ಎಡಗಾಲು ಬೈಕೊಳ್ಳಲಿ ಬಿಡಿ.

ಪವರ್‌ಗೆ ಅಂತ ಅಷ್ಟು ಸುರಿದವನು ಅದು ಚಕ್ರ ಮುಟ್ಟೋದು ಹೇಗೆ ಅಂತ ಯೋಚಿಸಲೇ ಇಲ್ಲ, ವಿಚಿತ್ರ ಅಲ್ವಾ?

ಮೇಸ್ತ್ರಿ ಈಗ ಹಳೇ ಪ್ಲೇಟಿನ ಹಲ್ಲುಗಳನ್ನ ಚಾಕ್‌ಪೀಸಲ್ಲಿ ಗುರುತು ಹಾಕಿ ಎಣಿಸುತ್ತಿದ್ದಾರೆ. ಎರಡನೇ ಸಲ. ಮೊದಲ ಸಲ ನಾನು ನಡುವೆ ಮಾತಾಡಿ ಲೆಕ್ಕ ತಪ್ಪಿಸಿದೆ.